ಕಂಬರ್‌ಲ್ಯಾಂಡ್‌ನ ಹಳೇ ರೈಲು ದಾರಿ: 64ರ ಮಾವನವರು ಸೈಕಲ್ ತುಳಿಯಬಹುದೇ?

ಪ್ರಶ್ನೆ: ನಾವು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಜರ್ಮನ್‌ಟೌನ್‌ನಲ್ಲಿದ್ದೇವೆ. ದಾವಣಗೆರೆಯಿಂದ ಮಾವನವರು ಬಂದಿದ್ದಾರೆ, ಅಕ್ಟೋಬರ್ ಮುಗಿಯುವವರೆಗೆ ಇರುತ್ತಾರೆ. ವಯಸ್ಸು 64. ಮೂವತ್ತು ವರ್ಷ ಆಫೀಸಿಗೆ ಸೈಕಲ್ಲಿನಲ್ಲೇ ಹೋಗಿಬಂದವರು, ಆದರೆ ಸೈಕಲ್ ಮುಟ್ಟಿ ಹತ್ತು ವರ್ಷವಾಯಿತು. ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಾರೆ, ಮೆಟ್ಟಿಲು ಇಳಿಯುವಾಗ ಬಲ ಮಂಡಿ ನೋಯುತ್ತದೆ. ಮಗನಿಗೆ 10 ವರ್ಷ. ಅಕ್ಟೋಬರ್ ಎರಡನೇ ವಾರ, ಎಲೆಗಳ ಬಣ್ಣ ತಿರುಗುವ ಹೊತ್ತಿಗೆ, ಗ್ರೇಟ್ ಅಲೆಗೇನಿ ಪ್ಯಾಸೇಜ್ ಹಾದಿಯಲ್ಲಿ ಕಂಬರ್‌ಲ್ಯಾಂಡ್‌ನಿಂದ ಮೈಯರ್ಸ್‌ಡೇಲ್‌ವರೆಗೆ ಹೋಗಿ ಅದೇ ದಿನ ವಾಪಸ್ ಬರಬೇಕೆಂದು ನಮ್ಮ ಯಜಮಾನರ ಆಸೆ. ಒಬ್ಬ ಸ್ನೇಹಿತರು ‘ರೈಲು ದಾರಿ ತಾನೇ, ಸಪಾಟಾಗಿರುತ್ತೆ, ಯಾರು ಬೇಕಾದರೂ ಹೋಗಬಹುದು’ ಅಂದರು. ಇನ್ನೊಬ್ಬರು ‘ಅದು ಬೆಟ್ಟ, ಎಲೆಕ್ಟ್ರಿಕ್ ಸೈಕಲ್ ಇಲ್ಲದೆ ಆಗೋದಿಲ್ಲ. ಇಳಿಯುವಾಗ ಬ್ರೇಕ್ ಕಾದು ಕೈಕೊಡುತ್ತೆ, ಸುರಂಗ ಕತ್ತಲು, ಕರಡಿ ಬೇರೆ ಇದೆ’ ಅಂತ ಹೆದರಿಸಿದ್ದಾರೆ. ಮಾವನವರಂತೂ ಉತ್ಸಾಹದಲ್ಲಿದ್ದಾರೆ, ಬೇಡ ಅನ್ನಲು ನನಗೆ ಮನಸ್ಸಿಲ್ಲ. ಯಾರ ಮಾತು ನಂಬಲಿ? ಯಾವ ಸೈಕಲ್ ಬಾಡಿಗೆಗೆ ತರಲಿ?

ಉತ್ತರ: ಇಬ್ಬರು ಸ್ನೇಹಿತರದ್ದೂ ಅರ್ಧ ಸರಿ. ದಾರಿ ಸಪಾಟಲ್ಲ. ಹಾಗಂತ ಬೆಟ್ಟ ಎಂದ ಕೂಡಲೇ ನಮಗೆ ಕಣ್ಣೆದುರು ಬರುವ ಚಾರ್ಮಾಡಿಯ ಏರೂ ಅಲ್ಲ. ನಿಮ್ಮ ಮಾವನವರು ಈ ದಾರಿಯಲ್ಲಿ ಸೈಕಲ್ ತುಳಿಯಬಹುದು, ತುಳಿಯಲಿ. ಬೇಡವಾದದ್ದು ನಿಮ್ಮ ಯಜಮಾನರು ಹಾಕಿಕೊಂಡಿರುವ ಲೆಕ್ಕ ಮಾತ್ರ.

ಮೊದಲು ಏರಿನ ಮಾತು. 1912ರಲ್ಲಿ ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆ ಈ ಬೆಟ್ಟದ ಮೇಲೆ ಹಳಿ ಹಾಕಿದಾಗ, ಕಲ್ಲಿದ್ದಲು ತುಂಬಿದ ಗಾಡಿಯನ್ನು ಉಗಿಬಂಡಿ ಎಳೆದುಕೊಂಡು ಹತ್ತಬೇಕಿತ್ತು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಹಾಗಾಗಿ ಬೆಟ್ಟ ಎಷ್ಟೇ ಕಡಿದಾಗಿದ್ದರೂ ದಾರಿಯನ್ನು ಬಳಸಿ ಬಳಸಿ, ಸುರಂಗ ಕೊರೆದು, ಏರನ್ನು ಶೇ 1.75ಕ್ಕೆ ಹಿಡಿದಿಟ್ಟರು. ಅಂದರೆ ಅತಿ ಕಡಿದಾದ ಕಡೆಯಲ್ಲೂ 57 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಘಾಟಿ 50ಕ್ಕೆ 1, ಅದೇ ಇದಕ್ಕಿಂತ ಕಡಿದು. ಕಂಬರ್‌ಲ್ಯಾಂಡ್‌ನ ಈ ಹಳಿ 1975ರಲ್ಲಿ ನಿಂತಿತು. ಹಳಿ ಕಿತ್ತ ಮೇಲೆ ಉಳಿದ ಮಣ್ಣಿನ ಕಟ್ಟೆಯ ಮೇಲೆ ಸುಣ್ಣಕಲ್ಲಿನ ಪುಡಿ ಹಾಸಿ, ದಮ್ಮಸ್ಸು ಮಾಡಿ ಸೈಕಲ್ ಹಾದಿ ಮಾಡಿದರು. ಪಿಟ್ಸ್‌ಬರ್ಗ್‌ವರೆಗೆ ಒಟ್ಟು 150 ಮೈಲಿ, ಸುಮಾರು 241 ಕಿ.ಮೀ. ದಾರಿ ಪೂರ್ತಿಯಾದದ್ದು 2013ರಲ್ಲಿ.

ಕಂಬರ್‌ಲ್ಯಾಂಡ್ ಸಮುದ್ರಮಟ್ಟದಿಂದ ಸುಮಾರು 184 ಮೀಟರ್ ಎತ್ತರದಲ್ಲಿದೆ. ದಾರಿಯ ನೆತ್ತಿ 729 ಮೀಟರ್. ನಡುವಿನ ದೂರ 38 ಕಿ.ಮೀ. ಆ ನೆತ್ತಿಯೇ ಪೂರ್ವ ಖಂಡ ಜಲವಿಭಜಕ: ಅಲ್ಲಿಂದ ಪೂರ್ವಕ್ಕೆ ಬಿದ್ದ ಮಳೆ ಅಟ್ಲಾಂಟಿಕ್ ಸೇರುತ್ತದೆ, ಪಶ್ಚಿಮಕ್ಕೆ ಬಿದ್ದದ್ದು ಒಹಾಯೊ, ಮಿಸಿಸಿಪ್ಪಿ ಹಿಡಿದು ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಸಕಲೇಶಪುರದ ಕಡೆ ಬಿಸಿಲೆ ಹತ್ತಿರ ನೀರು ಎರಡು ಸಮುದ್ರಕ್ಕೆ ಹಂಚಿಹೋಗುವ ಜಾಗ ನೋಡಿದವರಿಗೆ ಇದು ಹೊಸದಲ್ಲ. ನೆತ್ತಿ ದಾಟಿದರೆ ಮೈಯರ್ಸ್‌ಡೇಲ್ ಕಡೆಗೆ 13 ಕಿ.ಮೀ. ಇಳಿಜಾರು, ಸುಮಾರು ಶೇ 1.

ಈಗ ಇದನ್ನು ಕಾಲಿನ ಶ್ರಮಕ್ಕೆ ಇಳಿಸೋಣ. ಸೈಕಲ್ ಸೇರಿ 90 ಕೆ.ಜಿ. ತೂಕದ ಒಬ್ಬರು ಈ ಏರನ್ನು ಗಂಟೆಗೆ 10 ಕಿ.ಮೀ. ವೇಗದಲ್ಲಿ ಹತ್ತಲು ಗಾಲಿಗೆ ಸುಮಾರು 70–75 ವ್ಯಾಟ್ ಬೇಕು. ಅದೇ ವ್ಯಕ್ತಿ ದಾವಣಗೆರೆಯ ಸಪಾಟಾದ ಟಾರು ರಸ್ತೆಯಲ್ಲಿ, ಎದುರುಗಾಳಿ ಇಲ್ಲದಾಗ, ಗಂಟೆಗೆ 18 ಕಿ.ಮೀ. ಹೋಗಲೂ ಇಷ್ಟೇ ಬೇಕು. ಅಂದರೆ ಆಫೀಸಿಗೆ ಹೋಗುತ್ತಿದ್ದ ಶ್ರಮವೇ. ಮಾವನವರಿಗೆ ಅದರಲ್ಲಿ ಭಯವಿಲ್ಲ.

ಭಯ ಇರುವುದು ಬೇರೆ ಕಡೆ. ಊರಿನ ರಸ್ತೆಯಲ್ಲಿ ಹತ್ತು ಸಲ ತುಳಿದು ಐದು ಸಲ ಬಿಡುತ್ತೇವೆ. ಸೇತುವೆ ಇಳಿಯುತ್ತೇವೆ, ಸಿಗ್ನಲ್‌ನಲ್ಲಿ ನಿಲ್ಲುತ್ತೇವೆ. ಗೊತ್ತಿಲ್ಲದೆಯೇ ಕಾಲಿಗೂ ಸೊಂಟಕ್ಕೂ ವಿಶ್ರಾಂತಿ ಸಿಗುತ್ತದೆ. ರೈಲು ದಾರಿಯ ಏರಿನಲ್ಲಿ ಆ ಬಿಡುವೇ ಇಲ್ಲ. ತುಳಿಯುವುದು ಬಿಟ್ಟರೆ ನಾಲ್ಕು ಮಾರು ಹೋಗಿ ಸೈಕಲ್ ನಿಲ್ಲುತ್ತದೆ. 38 ಕಿ.ಮೀ. ಹತ್ತಲು ಗಂಟೆಗೆ 10 ಕಿ.ಮೀ. ಲೆಕ್ಕದಲ್ಲಿ ಸುಮಾರು ನಾಲ್ಕು ಗಂಟೆ ಎಡೆಬಿಡದೆ ತುಳಿತ. ಕಣ್ಣಿಗೆ ದಾರಿ ಸಪಾಟಾಗಿಯೇ ಕಾಣುತ್ತದೆ. ಏರಿದೆ ಎಂದು ಅನ್ನಿಸುವುದಿಲ್ಲ, ‘ಇವತ್ತು ಯಾಕೋ ಕಾಲು ಬರುತ್ತಿಲ್ಲ’ ಎಂದು ಮಾತ್ರ ಅನ್ನಿಸುತ್ತದೆ. ಆಗ ಜನ ಹಟ ಹಿಡಿದು ಜೋರಾಗಿ ತುಳಿಯುತ್ತಾರೆ. ಕುಂಡಿ ನೋವು, ಅಂಗೈ ಜೋಮು, ಮಂಡಿ ಬಿಗಿತ ಎಲ್ಲ ಶುರುವಾಗುವುದು ಎರಡನೇ ಗಂಟೆಯ ಆಚೆಗೆ. ಈ ದಾರಿಯನ್ನು ಏರಿನಿಂದ ಅಳೆಯಬೇಡಿ, ಗಂಟೆಯಿಂದ ಅಳೆಯಿರಿ.

ಆ ಲೆಕ್ಕದಲ್ಲಿ ನಿಮ್ಮ ಯಜಮಾನರ ಯೋಜನೆ ನೋಡಿ. ಹೋಗಿಬರಲು 102 ಕಿ.ಮೀ. ಹತ್ತಲು ನಾಲ್ಕು ಗಂಟೆ, ಮೈಯರ್ಸ್‌ಡೇಲ್‌ಗೆ ಇಳಿಯಲು ಮುಕ್ಕಾಲು ಗಂಟೆ, ಮತ್ತೆ ನೆತ್ತಿಗೆ ಒಂದು ಗಂಟೆ, ಕಂಬರ್‌ಲ್ಯಾಂಡ್‌ಗೆ ಇಳಿಯಲು ಎರಡು ಗಂಟೆಗೂ ಮೇಲೆ. ತುಳಿಯುವುದೇ ಎಂಟು ಗಂಟೆ, ಊಟ–ವಿಶ್ರಾಂತಿ ಸೇರಿದರೆ ಹತ್ತು. ಅಕ್ಟೋಬರ್ ಎರಡನೇ ವಾರ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಆರೂವರೆಯ ಸುಮಾರಿಗೆ. ನಿಮ್ಮ ಮನೆಯಿಂದ ಕಂಬರ್‌ಲ್ಯಾಂಡ್‌ಗೆ ಕಾರಿನಲ್ಲಿ ಎರಡು ಗಂಟೆ. ಒಂದು ಪಂಕ್ಚರ್ ಆದರೂ ಕೊನೆಯ ಇಳಿಜಾರು ಕತ್ತಲಲ್ಲಿ, ದಣಿದ ಮಗುವಿನ ಜೊತೆ. ರೂಢಿ ಇರುವ ಒಬ್ಬರಿಗೆ ಇದು ಒಳ್ಳೆಯ ದಿನ. ನಿಮ್ಮ ನಾಲ್ವರಿಗೆ ಬೇಡ.

ಬ್ರೇಕ್ ಕಾಯುವ ಮಾತಿಗೆ ಬರೋಣ. ಕಡಿದಾದ ಘಾಟಿ ರಸ್ತೆಗೆ ಅದು ನಿಜ, ಈ ದಾರಿಗೆ ಅಲ್ಲ. ಇಲ್ಲಿ ತುಳಿಯದೆ, ಬ್ರೇಕ್ ಹಿಡಿಯದೆ ಸುಮ್ಮನೆ ಬಿಟ್ಟರೆ ಸೈಕಲ್ ಗಂಟೆಗೆ 16–18 ಕಿ.ಮೀ. ವೇಗಕ್ಕೆ ಬಂದು ಅಲ್ಲೇ ನಿಲ್ಲುತ್ತದೆ. ಕಲ್ಲುಪುಡಿಯ ಎಳೆತ ಮತ್ತು ಗಾಳಿ ಎರಡೂ ಸೇರಿ ಹಿಡಿದುಕೊಳ್ಳುತ್ತವೆ. ಕಾಯುವಷ್ಟು ಕೆಲಸವೇ ಬ್ರೇಕ್‌ಗೆ ಬೀಳುವುದಿಲ್ಲ.

ಆದರೆ ಬ್ರೇಕ್ ವಿಷಯದಲ್ಲೇ ನಿಮ್ಮ ಮಾವನವರಿಗೆ ಒಂದು ನಿಜವಾದ ಅಪಾಯ ಇದೆ, ಅದನ್ನು ನಿಮ್ಮ ಸ್ನೇಹಿತರಿಬ್ಬರೂ ಹೇಳಿಲ್ಲ. ನಮ್ಮ ಊರಿನ ಸೈಕಲ್‌ಗಳಲ್ಲಿ ಬಲಗೈ ಬ್ರೇಕ್ ಮುಂದಿನ ಗಾಲಿಗೆ, ಎಡಗೈಯದು ಹಿಂದಿನ ಗಾಲಿಗೆ. ಅಮೆರಿಕದಲ್ಲಿ ಮಾರುವ ಸೈಕಲ್‌ಗಳಲ್ಲಿ ಇದು ತಿರುವುಮುರುವು: ಎಡಗೈ ಮುಂದಿನದಕ್ಕೆ, ಬಲಗೈ ಹಿಂದಿನದಕ್ಕೆ. ಮೂವತ್ತು ವರ್ಷ ಒಂದೇ ರೀತಿ ಹಿಡಿದ ಕೈ ಹತ್ತು ವರ್ಷ ಬಿಟ್ಟರೂ ಮರೆಯುವುದಿಲ್ಲ. ಜಿಂಕೆ ಅಡ್ಡ ಬಂತು ಎಂದುಕೊಳ್ಳಿ, ಹಿಂದಿನ ಬ್ರೇಕ್ ಎಂದುಕೊಂಡು ಎಡಗೈಯನ್ನು ಗಟ್ಟಿಯಾಗಿ ಅದುಮುತ್ತಾರೆ. ಕಲ್ಲುಪುಡಿಯ ಮೇಲೆ ಮುಂದಿನ ಗಾಲಿ ಕಚ್ಚಿದರೆ ಹ್ಯಾಂಡಲ್ ಪಕ್ಕಕ್ಕೆ ಜಾರುತ್ತದೆ, ಬೀಳುವುದು ಭುಜದ ಮೇಲೆ. ಹಳೇ ಸೈಕಲ್‌ನ ರಾಡ್ ಬ್ರೇಕ್‌ಗೆ ಇಡೀ ಮುಷ್ಟಿಯ ಬಲ ಬೇಕಿತ್ತು. ಈಗಿನ ಡಿಸ್ಕ್ ಬ್ರೇಕ್‌ಗೆ ಎರಡು ಬೆರಳು ಸಾಕು. ಅಭ್ಯಾಸದ ಬಲವೇ ಇಲ್ಲಿ ಹೆಚ್ಚಾಗಿಬಿಡುತ್ತದೆ.

ಇದಕ್ಕೆ ಎರಡು ದಾರಿ. ಮೊದಲನೆಯದು, ಬಾಡಿಗೆ ಅಂಗಡಿಯಲ್ಲಿ ಬ್ರೇಕ್ ಕೇಬಲ್ ಅದಲುಬದಲು ಮಾಡಿಕೊಡುತ್ತೀರಾ ಎಂದು ಮುಂಚೆಯೇ ಕೇಳುವುದು. ಕೇಬಲ್ ಬ್ರೇಕ್ ಆದರೆ ಅದು ಹದಿನೈದು ನಿಮಿಷದ ಕೆಲಸ, ಆದರೆ ಎಷ್ಟೋ ಅಂಗಡಿಯವರು ಒಪ್ಪುವುದಿಲ್ಲ. ಎರಡನೆಯದು, ಕೈಗೆ ಹೊಸ ಪಾಠ ಕಲಿಸುವುದು. ಎಡ ಬ್ರೇಕ್‌ನ ಹಿಡಿಗೆ ಕೆಂಪು ಟೇಪ್ ಸುತ್ತಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ ನಡಿಗೆಯ ವೇಗದಲ್ಲಿ ಹೋಗುತ್ತಾ ಬಲಗೈ ಮಾತ್ರ ಹಿಡಿದು ನಿಲ್ಲಿಸುವುದು ಇಪ್ಪತ್ತು ಸಲ, ಆಮೇಲೆ ಬಲಗೈ ಮೊದಲು, ಎಡಗೈ ಮೆತ್ತಗೆ ಜೊತೆಗೂಡಿಸಿ ಇಪ್ಪತ್ತು ಸಲ. ಕೊನೆಗೆ ನೀವು ಪಕ್ಕದಲ್ಲಿ ನಿಂತು ಇದ್ದಕ್ಕಿದ್ದಂತೆ ‘ನಿಲ್ಲಿ’ ಎನ್ನಿ, ಯಾವ ಕೈ ಮೊದಲು ಓಡುತ್ತದೆ ನೋಡಿ. ಒಂದು ದಿನದಲ್ಲಿ ಬರುವುದಿಲ್ಲ, ಮೂರು ನಾಲ್ಕು ದಿನ ಬೇಕು. ಜೊತೆಗೆ ಅಲ್ಲಿ ಬಲಬದಿಯಲ್ಲಿ ಹೋಗಬೇಕು, ಹಿಂದಿನಿಂದ ಬರುವವರು ಎಡಕ್ಕೆ ದಾಟುತ್ತಾರೆ. ಬೆಲ್ ಹೊಡೆದು ‘ಆನ್ ಯುವರ್ ಲೆಫ್ಟ್’ ಎಂದು ಕೂಗುತ್ತಾರೆ. ಆ ಕೂಗು ಕೇಳಿ ಎಡಕ್ಕೇ ತಿರುಗಿಬಿಡುವುದು ಹೊಸಬರ ತಪ್ಪು. ಕೂಗು ಕೇಳಿದರೆ ಬಲಕ್ಕೆ ಒತ್ತಿ, ನೇರ ಹೋಗಿ ಎಂದು ಮಗನಿಗೂ ಮಾವನವರಿಗೂ ಮೊದಲೇ ಹೇಳಿಕೊಡಿ.

ಮಳೆಯಾದ ದಿನ ಬ್ರೇಕ್‌ಗೆ ಇನ್ನೊಂದು ತೊಂದರೆ. ಸುಣ್ಣಕಲ್ಲಿನ ಪುಡಿ ಒದ್ದೆಯಾದರೆ ಮಜ್ಜಿಗೆಯಂಥ ಬಿಳಿ ರಾಡಿಯಾಗಿ ರಿಮ್ಮಿಗೂ ಚೈನಿಗೂ ಮೆತ್ತಿಕೊಳ್ಳುತ್ತದೆ. ಬ್ರೇಕ್ ರಬ್ಬರ್ ಮತ್ತು ರಿಮ್ಮಿನ ನಡುವೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ರಬ್ಬರಿನ ಮೇಲಿನ ಗೀರುಗಳು ಇನ್ನೂ ಕಾಣುತ್ತಿವೆಯೇ ಎಂದು ಬಾಡಿಗೆ ತರುವಾಗಲೇ ನೋಡಿ. ಗೀರು ಮಾಸಿದ್ದರೆ ಬದಲಾಯಿಸಿಕೊಡಲು ಹೇಳಿ. ಡಿಸ್ಕ್ ಬ್ರೇಕ್ ಇರುವ ಸೈಕಲ್ ಸಿಕ್ಕರೆ ಅದೇ ಒಳ್ಳೆಯದು.

ಯಾವ ಸೈಕಲ್? ಹೈಬ್ರಿಡ್ ಎಂದು ಕರೆಯುವ ನೇರ ಹ್ಯಾಂಡಲ್ಲಿನ ಸೈಕಲ್ ಸಾಕು. ಟೈರ್ ಅಗಲ 35ರಿಂದ 40 ಮಿ.ಮೀ. ಇರಲಿ. 28ಕ್ಕಿಂತ ಸಣ್ಣ ಟೈರು ಮೆತ್ತಗಿನ ಕಡೆ ಹೂತುಕೊಳ್ಳುತ್ತದೆ, ದಪ್ಪ ಗುಬುಟಿನ ಬೆಟ್ಟದ ಟೈರು ಸುಮ್ಮನೆ ಶ್ರಮ ಹೆಚ್ಚಿಸುತ್ತದೆ. ಗಾಳಿ ಕಲ್ಲಿನಂತೆ ಬಿಗಿಯಾಗಿ ತುಂಬಿಸುವ ನಮ್ಮ ಅಭ್ಯಾಸ ಇಲ್ಲಿ ಬೇಡ. 38 ಮಿ.ಮೀ. ಟೈರಿಗೆ 75 ಕೆ.ಜಿ. ತೂಕದವರಿಗೆ 45–50 ಪಿ.ಎಸ್.ಐ. ಸಾಕು, ಅಂಗೈ ಜೋಮು ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಮಗನಿಗೆ 24 ಇಂಚಿನ ಗಾಲಿಯ, ಗೇರ್ ಇರುವ ಸೈಕಲ್ ಆಗಬೇಕು. ಅವನ ಟೈರಿಗೆ 30–35 ಸಾಕು.

ಗೇರ್ ಬಗ್ಗೆ ಅಂಗಡಿಯವರು ‘21 ಸ್ಪೀಡ್’ ಎಂದು ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ನೋಡಬೇಕಾದ್ದು ಒಂದೇ: ಮುಂದಿನ ಅತಿ ಚಿಕ್ಕ ಹಲ್ಲುಚಕ್ರದಷ್ಟೇ ಹಲ್ಲು, ಇಲ್ಲವೇ ಇನ್ನೂ ಹೆಚ್ಚು ಹಲ್ಲು ಹಿಂದಿನ ಅತಿ ದೊಡ್ಡ ಚಕ್ರದಲ್ಲಿ ಇರಬೇಕು. ಮುಂದೆ 30, ಹಿಂದೆ 32 ಎನ್ನುವ ಹಾಗೆ. ಆ ಗೇರಿನಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ ಸುಮಾರು ಎಂಟೂವರೆ ಕಿ.ಮೀ. ಹೋಗುತ್ತೀರಿ. ದಣಿದಾಗ ಇಳಿದುಕೊಳ್ಳಲು ಬೇಕಾದ ಗೇರು ಅದೇ.

ಮಾವನವರ ಮಂಡಿಗೆ ಇದು ನೇರವಾಗಿ ಸಂಬಂಧಿಸಿದ್ದು. ನಮ್ಮಲ್ಲಿ ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ತಾಗುವಷ್ಟು ಸೀಟು ಇಳಿಸಿಕೊಳ್ಳುವುದು ರೂಢಿ. ಸೀಟು ತಗ್ಗಿದಷ್ಟೂ ಮಂಡಿ ಹೆಚ್ಚು ಮಡಿಸಿಕೊಂಡೇ ಬಲ ಹಾಕಬೇಕು, ಮಂಡಿಚಿಪ್ಪಿನ ಹಿಂದೆ ಒತ್ತಡ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ ನೋಯುವ ಮಂಡಿಗೆ ಅದೇ ಆಗದ ಒತ್ತಡ. ಸೀಟು ಹೀಗೆ ಹೊಂದಿಸಿ: ಸೀಟಿನ ಮೇಲೆ ಕುಳಿತು, ಪೆಡಲನ್ನು ಅತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಪೂರ್ತಿ ನೇರವಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿಯಲ್ಲಿ ಸಣ್ಣ ಬಾಗು ಉಳಿಯುತ್ತದೆ. ಮೊದಲ ದಿನ ಅವರಿಗೆ ಎತ್ತರ ಎನಿಸಿ ಭಯವಾದೀತು. ಒಂದು ಸೆಂಟಿಮೀಟರ್ ತಗ್ಗಿಸಿ ಶುರು ಮಾಡಿ, ಒಂದೆರಡು ದಿನ ಬಿಟ್ಟು ಏರಿಸಿ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು ಪಾದ ಊರುವುದನ್ನು ಅಭ್ಯಾಸ ಮಾಡಿಸಿ. ಭಾರದ ಗೇರಿನಲ್ಲಿ ನಿಧಾನ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ಬೇಗಬೇಗ ಕಾಲಾಡಿಸುವುದು ಮಂಡಿಗೆ ಹಿತ.

ಬಿ.ಪಿ. ವಿಷಯದಲ್ಲಿ ಮಾತ್ರೆಯ ಹೆಸರು ಮುಖ್ಯ. ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯದಾದರೆ ಅದು ನಾಡಿಬಡಿತ ಏರದಂತೆ ತಡೆಯುತ್ತದೆ. ಕೈಗಡಿಯಾರದಲ್ಲಿ ನಾಡಿ ಕಡಿಮೆ ತೋರಿಸಿದರೂ ದೇಹ ದಣಿದಿರಬಹುದು. ಮೂತ್ರ ಹೆಚ್ಚಿಸುವ ಮಾತ್ರೆಯಾದರೆ ನೀರು ಕಡಿಮೆಯಾಗಿ, ಸೈಕಲ್ ಇಳಿದು ನಿಂತ ಕೂಡಲೇ ತಲೆ ಸುತ್ತಬಹುದು. ಊರಿನ ವೈದ್ಯರಿಗೆ ಒಂದು ಫೋನ್ ಮಾಡಿ, ‘ಎರಡು ಮೂರು ಗಂಟೆ ಸೈಕಲ್ ತುಳಿಯಬಹುದೇ’ ಎಂದು ಮಾತ್ರೆಯ ಹೆಸರು ಹೇಳಿಯೇ ಕೇಳಿ. ದಾರಿಯಲ್ಲಿ ಅಳತೆಗೋಲು ಮಾತು: ತುಳಿಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದ್ದರೆ ಸರಿ. ಎರಡು ಪದಕ್ಕೊಮ್ಮೆ ಉಸಿರು ಕಟ್ಟಿದರೆ ಇಳಿದು ನಿಲ್ಲಬೇಕು. ಎದೆ ಹಿಡಿತ, ದವಡೆ ಅಥವಾ ಎಡತೋಳಿನ ನೋವು, ಕಾರಣವಿಲ್ಲದ ತಣ್ಣನೆ ಬೆವರು ಬಂದರೆ ‘ಸ್ವಲ್ಪ ಸುಧಾರಿಸಿಕೊಳ್ಳೋಣ’ ಎಂದು ಕಾಯಬೇಡಿ, 911ಕ್ಕೆ ಕರೆ ಮಾಡಿ ಹತ್ತಿರದ ಮೈಲಿಗಲ್ಲಿನ ಸಂಖ್ಯೆ ಹೇಳಿ. ಈ ದಾರಿಯ ಮೈಲಿಗಲ್ಲು ಕಂಬರ್‌ಲ್ಯಾಂಡ್‌ನ ಸೊನ್ನೆಯಿಂದ ಶುರುವಾಗುತ್ತದೆ. ಹಾಗಾಗಿ ಪ್ರತಿ ಕಲ್ಲು ದಾಟುವಾಗ ಮಗನಿಗೆ ಸಂಖ್ಯೆ ಕೂಗಲು ಹೇಳಿ, ಅವನಿಗೂ ಒಂದು ಕೆಲಸ. ಬೆಟ್ಟದ ಮೇಲೆ ಫೋನ್ ಸಿಗ್ನಲ್ ಎಲ್ಲ ಕಡೆ ಇರುವುದಿಲ್ಲ. ಮಾವನವರ ಪ್ರವಾಸಿ ವಿಮೆ ಮೊದಲಿನಿಂದ ಇರುವ ಕಾಯಿಲೆಯನ್ನು ಒಳಗೊಂಡಿದೆಯೇ ಎನ್ನುವುದನ್ನೂ ಹೊರಡುವ ಮುಂಚೆ ಓದಿಕೊಳ್ಳಿ.

ಎಲೆಕ್ಟ್ರಿಕ್ ಸೈಕಲ್ ಬೇಕೇ ಎಂದರೆ, ಹತ್ತುವುದಾದರೆ ಅನುಕೂಲ, ಅನಿವಾರ್ಯವಲ್ಲ. ಇಡೀ ಏರಿಗೆ ಒಬ್ಬರಿಗೆ ಒಟ್ಟು ಸುಮಾರು 240 ವ್ಯಾಟ್-ಗಂಟೆ ಕೆಲಸ. ಅರ್ಧ ಕಾಲು, ಅರ್ಧ ಮೋಟರ್ ಎಂದರೂ 400 ವ್ಯಾಟ್-ಗಂಟೆಯ ಬ್ಯಾಟರಿ ಧಾರಾಳ. ಇಳಿಯುವುದಕ್ಕಂತೂ ಮೋಟರ್ ಬೇಕೇ ಇಲ್ಲ. ತೊಂದರೆ ಇರುವುದು ತೂಕದಲ್ಲಿ. 22–25 ಕೆ.ಜಿ. ಸೈಕಲ್ ವಾಲಿದರೆ 64ರ ಕಾಲು ಅದನ್ನು ತಡೆದು ನಿಲ್ಲಿಸುವುದು ಕಷ್ಟ. ಪೆಡಲ್ ಮೇಲೆ ಕಾಲಿಟ್ಟ ಕೂಡಲೇ ಮುಂದಕ್ಕೆ ನುಗ್ಗುವ ಗುಣ ಬೇರೆ. ಹತ್ತು ವರ್ಷ ಬಿಟ್ಟವರಿಗೆ ಮೊದಲ ಸವಾರಿಗೆ ಸಾದಾ ಸೈಕಲ್ಲೇ ಇರಲಿ. ಮಗನಿಗಂತೂ ಬೇಡವೇ ಬೇಡ: ದಾರಿಯ ಮೇಲ್ಭಾಗ ಪೆನ್ಸಿಲ್ವೇನಿಯಾದಲ್ಲಿದೆ, ಅಲ್ಲಿ ಎಲೆಕ್ಟ್ರಿಕ್ ಸೈಕಲ್ಲಿಗೆ ಕನಿಷ್ಠ 16 ವರ್ಷ ಆಗಿರಬೇಕು.

ಹಾಗಾದರೆ ಹೇಗೆ ಹೋಗುವುದು? ನನ್ನ ಸಲಹೆ ಇದು. ನಿಮ್ಮ ಯಜಮಾನರು ಬೆಳಗ್ಗೆ ಬೇಗ ತಮ್ಮ ಕಾರಿನಲ್ಲಿ ಹೋಗಿ, ಕಂಬರ್‌ಲ್ಯಾಂಡ್‌ನಲ್ಲಿ ನಿಲ್ಲಿಸಿ, ಎಂಟೂವರೆಗೆ ಒಬ್ಬರೇ ಹತ್ತಲು ಶುರು ಮಾಡಲಿ. ಅವರ ಆಸೆಯೂ ಕೈಗೂಡುತ್ತದೆ. ನೀವು ಮೂವರು ನಿಧಾನವಾಗಿ ಎದ್ದು, ಇನ್ನೊಂದು ಕಾರಿನಲ್ಲಿ ಬನ್ನಿ. ಕಂಬರ್‌ಲ್ಯಾಂಡ್‌ನಲ್ಲಿ ಮೊದಲೇ ಬುಕ್ ಮಾಡಿದ ಮೂರು ಸೈಕಲ್ ಎತ್ತಿಕೊಂಡು ಡೀಲ್ ಎಂಬಲ್ಲಿಗೆ ಹೋಗಿ. ನೆತ್ತಿಯಿಂದ ಮೈಯರ್ಸ್‌ಡೇಲ್ ಕಡೆಗೆ ಎರಡು ಕಿ.ಮೀ. ಆಚೆ ಇರುವ ಹಾದಿ ಸೇರುವ ಜಾಗ ಅದು. ಸುತ್ತ ಅಂಗಡಿ ಇಲ್ಲ, ಊಟ ನೀರು ನಿಮ್ಮದೇ. ಮಧ್ಯಾಹ್ನದ ಹೊತ್ತಿಗೆ ಯಜಮಾನರು ಅಲ್ಲಿಗೆ ಬರುತ್ತಾರೆ. ಒಟ್ಟಿಗೆ ಊಟ ಮಾಡಿ, ಕಾರಿನ ಬೀಗದಕೈ ಅವರಿಗೆ ಕೊಡಿ. ನೀವು ಮೂವರು ಒಂದು ಗಂಟೆಗೆ ಕೆಳಕ್ಕೆ ಹೊರಡಿ, ಅವರು ಕಾರಿನಲ್ಲಿ, ದಾರಿಯ ನಡುವೆ ಸಿಗುವ ಫ್ರಾಸ್ಟ್‌ಬರ್ಗ್ ಊರಿಗೆ ಹೋಗಿ ಕಾಯಲಿ.

ನೀವು ಎರಡು ಕಿ.ಮೀ. ಸಣ್ಣ ಏರು ಹತ್ತಿದರೆ ನೆತ್ತಿ, ಆಮೇಲೆ ಬಿಗ್ ಸ್ಯಾವೇಜ್ ಸುರಂಗ. ಉದ್ದ ಒಂದು ಕಿಲೋಮೀಟರು. ಒಳಗೆ ದೀಪಗಳಿವೆ, ಆದರೆ ಮಂಕು. ಒಬ್ಬೊಬ್ಬರ ಸೈಕಲ್‌ಗೂ ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ. ಬಿಸಿಲಿನಿಂದ ಒಳಗೆ ಹೋದ ಮೊದಲ ಐವತ್ತು ಮೀಟರು ಕಣ್ಣಿಗೆ ಏನೂ ಕಾಣುವುದಿಲ್ಲ. ಬಾಯಿಯಲ್ಲೇ ಒಂದು ನಿಮಿಷ ನಿಂತು, ತಂಪು ಕನ್ನಡಕ ತೆಗೆದು, ಸ್ವೆಟರ್ ಏರಿಸಿ ಒಳಹೋಗಿ. ಗುಹೆಯ ತಣ್ಣನೆ ಗಾಳಿ ಮುಖಕ್ಕೆ ಹೊಡೆಯುತ್ತದೆ. ಗೋಡೆಗೆ ಒತ್ತದೆ, ಬಲಬದಿಯಲ್ಲಿ, ಸಾಲಾಗಿ. ಮಗ ನಡುವೆ, ಮಾವನವರು ಮುಂದೆ, ನೀವು ಹಿಂದೆ. ಈ ಸಾಲನ್ನು ಇಡೀ ದಾರಿಗೂ ಪಾಲಿಸಿ. ಹುಡುಗರು ಇಳಿಜಾರಿನಲ್ಲಿ ಮುಂದೆ ಓಡಿ, ರಸ್ತೆ ದಾಟುವ ಕಡೆಯ ಗೇಟು ಕಂಬಗಳಿಗೆ ಗುದ್ದುವುದೇ ಹೆಚ್ಚು. ಸುರಂಗದಿಂದ ಆಚೆ ಬಂದ ಕೂಡಲೇ ಎಡಬಲ ನೋಡದೆ ಕೆಳಗೆ ಕಾಣುವ ಕಣಿವೆಯನ್ನು ನೋಡಿ. ನಿಮ್ಮ ಮಾವನವರನ್ನು ಅಷ್ಟು ದೂರ ಕರೆದುಕೊಂಡು ಹೋಗಬೇಕಾದದ್ದು ಅದಕ್ಕೇ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಗೋಡೆ ಬಿರಿಯದಂತೆ ಈ ಸುರಂಗದ ಬಾಗಿಲು ಮುಚ್ಚುತ್ತಾರೆ, ಸಾಮಾನ್ಯವಾಗಿ ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ನಿಮ್ಮ ದಿನಕ್ಕೆ ತೆರೆದಿರುತ್ತದೆ, ಆದರೂ ದುರಸ್ತಿಯ ಸೂಚನೆ ಏನಾದರೂ ಇದೆಯೇ ಎಂದು ಹಿಂದಿನ ದಿನ ನೋಡಿಕೊಳ್ಳಿ.

ಮುಂದೆ ಪೆನ್ಸಿಲ್ವೇನಿಯಾ ಮತ್ತು ಮೇರಿಲ್ಯಾಂಡ್ ನಡುವಿನ ಮೇಸನ್–ಡಿಕ್ಸನ್ ಗಡಿರೇಖೆ, ಬಾರ್ಡನ್ ಸುರಂಗ, ಆಮೇಲೆ ಫ್ರಾಸ್ಟ್‌ಬರ್ಗ್. ಡೀಲ್‌ನಿಂದ ಇಲ್ಲಿಗೆ ಸುಮಾರು 15 ಕಿ.ಮೀ. ಮಾವನವರಿಗೆ ಸಾಕೆನಿಸಿದರೆ ಇಲ್ಲೇ ನಿಲ್ಲಿಸಿ, ಅವಮಾನವೇನಲ್ಲ. ಒಂದು ಎಚ್ಚರಿಕೆ: ಹಾದಿಯಿಂದ ಫ್ರಾಸ್ಟ್‌ಬರ್ಗ್ ಊರಿಗೆ ಹತ್ತುವ ಅಂಕುಡೊಂಕು ದಾರಿ ಇಡೀ ದಿನದ ಅತಿ ಕಡಿದಾದ ತುಂಡು, ಏಕೆಂದರೆ ಅದು ರೈಲಿನ ದಾರಿಯಲ್ಲ. ಇಳಿದು ತಳ್ಳಿಕೊಂಡು ಹೋಗಿ. ಉಳಿದವರು ಇನ್ನೂ 25 ಕಿ.ಮೀ. ಇಳಿದರೆ ಕಂಬರ್‌ಲ್ಯಾಂಡ್. ನಡುವೆ ಬ್ರಷ್ ಸುರಂಗದಲ್ಲಿ ಪಕ್ಕದಲ್ಲೇ ಪ್ರವಾಸಿ ರೈಲಿನ ಹಳಿ ಇದೆ. ರೈಲಿನ ಸದ್ದು ಕೇಳಿದರೆ ಹೊರಗೇ ನಿಲ್ಲಿ, ಅದು ಹೋದ ಮೇಲೆ ಒಳಗೆ ಹೋಗಿ. ಸೈಕಲ್ ಅಂಗಡಿ ಎಷ್ಟಕ್ಕೆ ಮುಚ್ಚುತ್ತದೆ ಎಂದು ಬೆಳಗ್ಗೆಯೇ ಕೇಳಿಟ್ಟುಕೊಳ್ಳಿ.

ಎರಡು ಕಾರು ಇಲ್ಲದಿದ್ದರೆ ಆ ಪ್ರವಾಸಿ ರೈಲೇ, ವೆಸ್ಟರ್ನ್ ಮೇರಿಲ್ಯಾಂಡ್ ಸೀನಿಕ್ ರೈಲು, ಕಂಬರ್‌ಲ್ಯಾಂಡ್‌ನಿಂದ ಫ್ರಾಸ್ಟ್‌ಬರ್ಗ್‌ಗೆ ಸೈಕಲ್ ಸಮೇತ ಕರೆದೊಯ್ಯುತ್ತದೆ. ದಿನಾ ಓಡುವುದಿಲ್ಲ, ಅಕ್ಟೋಬರಿನಲ್ಲಿ ನೂಕುನುಗ್ಗಲು. ಸೈಕಲ್ಲಿಗೂ ಸೇರಿಸಿ ಮುಂಚಿತವಾಗಿ ಟಿಕೆಟ್ ಮಾಡಿಸಬೇಕು. ಅಲ್ಲಿಂದ 25 ಕಿ.ಮೀ. ಇಳಿಜಾರು, ಎರಡು ಗಂಟೆಯ ಆರಾಮದ ಸವಾರಿ. ಇದರಲ್ಲಿ ಕೈತಪ್ಪುವುದು ಒಂದೇ, ಬಿಗ್ ಸ್ಯಾವೇಜ್ ಸುರಂಗ ಮತ್ತು ಅದರಾಚೆಯ ನೋಟ.

ಇಳಿಯುವುದು ಸುಲಭ ಎಂದರೂ ಚಳಿ ಮರೆಯಬೇಡಿ. ತುಳಿತವಿಲ್ಲದೆ ಮೈ ಬಿಸಿಯಾಗುವುದಿಲ್ಲ, ಗಾಳಿ ಎದೆಗೆ ಹೊಡೆಯುತ್ತದೆ. ನೆತ್ತಿಯಲ್ಲಿ ಕಂಬರ್‌ಲ್ಯಾಂಡ್‌ಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಗ್ಲೌಸು ಬೇಕೇ ಬೇಕು, ಮರಗಟ್ಟಿದ ಬೆರಳು ಬ್ರೇಕ್ ಹಿಡಿಯಲಾರದು. ಮಾವನವರ ಮಂಕಿ ಕ್ಯಾಪ್ ಹೆಲ್ಮೆಟ್ಟಿನ ಕೆಳಗೆ ಕೂರುವುದಿಲ್ಲ, ಬೆಲ್ಲೂ ಕೇಳಿಸುವುದಿಲ್ಲ. ತೆಳುವಾದ ಟೋಪಿ ಕೊಡಿ. ಪ್ಯಾಂಟಿನ ಬಲಗಾಲಿಗೆ ಕ್ಲಿಪ್ಪೋ ರಬ್ಬರ್ ಬ್ಯಾಂಡೋ ಹಾಕಿಕೊಳ್ಳುವುದು ಅವರಿಗೆ ನೀವು ಹೇಳಿಕೊಡಬೇಕಾಗಿಲ್ಲ. ಗಂಟೆಗೆ ಅರ್ಧ ಲೀಟರ್ ನೀರು, ಅರ್ಧ ಗಂಟೆಗೊಮ್ಮೆ ಕಡಲೆಬೀಜದ ಚಿಕ್ಕಿಯೋ ಪಲ್ಯ ಸುತ್ತಿದ ಚಪಾತಿಯೋ ಬಾಯಿಗೆ ಬೀಳಲಿ. ಎರಡು ಅಳತೆಯ ಟ್ಯೂಬು, ಟೈರ್ ಬಿಚ್ಚುವ ಲಿವರ್, ಪಂಪು ಒಬ್ಬರ ಚೀಲದಲ್ಲಿ. ಪಂಪಿನ ಬಾಯಿ ನಿಮ್ಮ ವಾಲ್ವಿಗೆ ಹೊಂದುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ಹಾಕಿ ನೋಡಿ. ಅಮೆರಿಕದಲ್ಲಿ ಕಾರಿನಂಥ ದಪ್ಪ ವಾಲ್ವು, ಸಣ್ಣ ಪ್ರೆಸ್ಟಾ ವಾಲ್ವು ಎರಡೂ ಬಳಕೆಯಲ್ಲಿವೆ.

ಅದಕ್ಕೂ ಮುಂಚೆ ನಾಲ್ಕು ವಾರ ಸಿಕ್ಕರೆ ಅಭ್ಯಾಸ ಮಾಡಿ. ನಿಮ್ಮ ಮನೆಯ ಹತ್ತಿರವೇ ಸೆನೆಕಾದ ರೈಲೀಸ್ ಲಾಕ್ ಬಳಿ ಸಿ ಅಂಡ್ ಓ ಕಾಲುವೆಯ ದಂಡೆಯ ದಾರಿ ಇದೆ, ಪೂರ್ತಿ ಸಪಾಟು, ಮಣ್ಣು ಕಲ್ಲಿನದು. ಇದೇ ದಾರಿ ಮುಂದುವರಿದು ಕಂಬರ್‌ಲ್ಯಾಂಡ್‌ನಲ್ಲಿ ನಿಮ್ಮ ಹಾದಿಯನ್ನು ಕೂಡುತ್ತದೆ. ಮೊದಲ ವಾರ 8 ಕಿ.ಮೀ., ಆಮೇಲೆ 12, 18, ಕೊನೆಗೆ 25. ವಾರಕ್ಕೆ ಮೂರು ದಿನ. ಕೊನೆಯ ವಾರ 25 ಕಿ.ಮೀ. ತುಳಿದ ಮರುದಿನ ಮಂಡಿ ಊದದಿದ್ದರೆ ಡೀಲ್‌ನಿಂದ ಹೊರಡಬಹುದು. ಊದಿದರೆ ಫ್ರಾಸ್ಟ್‌ಬರ್ಗ್‌ನಿಂದ ಸಾಕು.

ಕೊನೆಯದು ಕರಡಿ. ಆ ಕಾಡಿನಲ್ಲಿ ಕಪ್ಪು ಕರಡಿ ಇರುವುದು ನಿಜ. ಜನರ ಸದ್ದು ಕೇಳಿದರೆ ಅದು ದೂರ ಸರಿಯುತ್ತದೆ. ಕಂಡರೆ ಓಡಬೇಡಿ, ಜೋರಾಗಿ ಮಾತಾಡುತ್ತಾ ಹಿಂದೆ ಸರಿಯಿರಿ. ನೀವು ನಿಜವಾಗಿ ಹುಡುಕಬೇಕಾದದ್ದು ಎಳ್ಳುಕಾಳಿನಷ್ಟಿರುವ ಉಣ್ಣೆ ಹುಳವನ್ನು. ಮಲೆನಾಡಿನಲ್ಲಿ ಮಂಗನ ಕಾಯಿಲೆ ತರುವ ಉಣುಗಿನ ಹಾಗೆ, ಇಲ್ಲಿ ಜಿಂಕೆಯ ಉಣ್ಣೆ ಲೈಮ್ ಎಂಬ ಕಾಯಿಲೆ ಹರಡುತ್ತದೆ. ಅಕ್ಟೋಬರಿನಲ್ಲೂ ಅದು ಚುರುಕಾಗಿರುತ್ತದೆ. ಎಲೆ ರಾಶಿಯ ಮೇಲೆ ಕೂರಬೇಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಮನೆಗೆ ಬಂದ ರಾತ್ರಿಯೇ ಸ್ನಾನ ಮಾಡಿ ಕಂಕುಳು, ಮಂಡಿಯ ಹಿಂಭಾಗ, ಸೊಂಟ, ಕಿವಿಯ ಹಿಂದೆ, ಮಗನ ಕೂದಲೊಳಗೆ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತಾಗಿಸುವುದು ಬೇಡ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಸೋಂಕು ಸಾಮಾನ್ಯವಾಗಿ 24 ಗಂಟೆಗೂ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಹರಡುತ್ತದೆ, ಹಾಗಾಗಿ ಅದೇ ರಾತ್ರಿ ನೋಡುವುದು ಮುಖ್ಯ. ಮಾವನವರು ನವೆಂಬರಿನಲ್ಲಿ ಊರಿಗೆ ಹೋದ ಮೇಲೆ ಜ್ವರವೋ ಚರ್ಮದ ಮೇಲೆ ಅಗಲವಾಗುತ್ತಾ ಹೋಗುವ ಕೆಂಪು ಮಚ್ಚೆಯೋ ಕಂಡರೆ, ಅಮೆರಿಕದಲ್ಲಿ ಉಣ್ಣೆ ಇರುವ ಕಾಡಿಗೆ ಹೋಗಿದ್ದೆ ಎಂದು ದಾವಣಗೆರೆಯ ವೈದ್ಯರಿಗೆ ಅವರೇ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಲ್ಲಿ ಯಾರಿಗೂ ಅದು ಹೊಳೆಯುವುದಿಲ್ಲ.